ಮಖಮಲ್ಲಿನ ಸೀಟು

ಒಂದೇ ಎಂಜಿನ್ನಿನ ಪುಟ್ಟ ಹೆಲಿಕಾಪ್ಟರೊಂದರಲ್ಲಿ ಮಖಮಲ್ಲು ಹೊದ್ದ ಸೀಟೊಂದಿತ್ತು. ದೊಡ್ಡವರು ಬಂದರೆ ಅದರ ಮೇಲೆಯೇ ಕೂರುತ್ತಿದ್ದರು. ಹಾಗಾಗಿ ಅದರ ಜಂಬಕ್ಕೆ ಮೇರೆಯಿರಲಿಲ್ಲ.

ಒಂದು ಮಳೆಗಾಲ ಹೊಳೆ ಉಕ್ಕಿತು. ನಡುಗಡ್ಡೆಯಲ್ಲಿ ಸಿಕ್ಕಿಬಿದ್ದ ನೀಲವ್ವ ಎಂಬವಳಿಗೆ ಹೆರಿಗೆ ನೋವು ಶುರುವಾಗಿತ್ತು. ಅವಳನ್ನು ಕರೆತರಲು ಹೊರಡುವ ಮುನ್ನ ಆಸ್ಪತ್ರೆಯ ಮೈದಾನದಲ್ಲಿ ಹೆಲಿಕಾಪ್ಟರನ್ನು ನಿಲ್ಲಿಸಿ, ಸ್ಟ್ರೆಚರಿಗೆ ಜಾಗ ಮಾಡಲೆಂದು ಹಿಂದಿನ ಸೀಟುಗಳನ್ನು ಬಿಚ್ಚತೊಡಗಿದರು. ಉಳಿದವು ಸುಮ್ಮನೆ ಇಳಿದವು. ಮಖಮಲ್ಲಿನ ಸೀಟು ಮಾತ್ರ ತನ್ನ ಬೋಲ್ಟುಗಳನ್ನು ಕಚ್ಚಿ ಹಿಡಿಯಿತು.

“ನಾನು ಇಳಿಯಲಾರೆ. ಬೇಕಾದರೆ ಅವಳು ನನ್ನ ಮೇಲೆ ಕೂರಲಿ,” ಎಂದಿತು.

“ನೋವು ತಿನ್ನುವವಳು ಮಲಗಬೇಕು,” ಎಂದಿತು ಹೆಲಿಕಾಪ್ಟರು. “ನನಗಿರುವುದು ಒಂದೇ ಎಂಜಿನ್. ಅದು ಎತ್ತುವಷ್ಟೇ ಎತ್ತೀತು. ನೀನು ಇಳಿಯದಿದ್ದರೆ ಅವಳು ಅಲ್ಲೇ ಉಳಿಯುತ್ತಾಳೆ.”

“ನಾನಿಲ್ಲದೆ ನಿನಗೇನು ಬೆಲೆ?”

“ನಾನು ಇಳಿಯಲು ಒಂದು ಅಂಗಳದಷ್ಟು ಜಾಗ ಸಾಕು. ಅದಕ್ಕೇ ನನ್ನನ್ನು ಕರೆದಿದ್ದಾರೆ, ನಿನ್ನ ಮಖಮಲ್ಲಿಗಲ್ಲ.”

ಸೀಟು ಹಿಡಿತ ಸಡಿಲಿಸಿತು. ಅದನ್ನು ಬೇವಿನ ಮರದಡಿ ಇಟ್ಟರು. ತನ್ನನ್ನು ಬಿಟ್ಟು ಹೆಲಿಕಾಪ್ಟರು ಅಷ್ಟು ಹಗುರಾಗಿ ಏರಿದ್ದು ಕಂಡು ಸೀಟಿನ ಮುಖ ಸಣ್ಣಗಾಯಿತು.

ಮಧ್ಯಾಹ್ನ ಹೆಲಿಕಾಪ್ಟರು ಮರಳಿತು. ದಾರಿಯಲ್ಲೇ ಹೆರಿಗೆಯಾಗಿತ್ತು. ಡಾಕ್ಟರು ನೀಲವ್ವನನ್ನು ನೋಡುತ್ತಿದ್ದಾಗ ಜೊತೆಗೆ ಬಂದಿದ್ದ ಸೂಲಗಿತ್ತಿ ಕೂಸನ್ನು ಬಟ್ಟೆಯಲ್ಲಿ ಸುತ್ತಿ, ಮರದಡಿಯಿದ್ದ ಮೆತ್ತನೆಯ ಸೀಟಿನ ಮೇಲೆ ಮಲಗಿಸಿ, ಪಕ್ಕದಲ್ಲೇ ಕುಕ್ಕರಿಸಿದಳು.

ಅಷ್ಟರಲ್ಲಿ ಸೀಟನ್ನು ಮತ್ತೆ ಜೋಡಿಸಲು ಸ್ಪ್ಯಾನರು ಬಂತು. “ಏಳು, ನಿನ್ನ ಜಾಗಕ್ಕೆ ಹೋಗೋಣ,” ಎಂದಿತು.

“ಮೆಲ್ಲಗೆ ಮಾತಾಡಪ್ಪ,” ಎಂದು ಸೀಟು ಪಿಸುಗುಟ್ಟಿತು. “ಕೂಸು ಈಗ ತಾನೇ ಮಲಗಿದೆ.”