ಗುರುಗಳಿಗೆ ಒಂದು ತಿಂಗಳು ರಜೆ

ಇದು ನಡೆದದ್ದು ಪುಷ್ಯ ಮಾಸದಲ್ಲಿ. ಆ ವರ್ಷ ನದಿಯ ಮೇಲಿನ ಮಂಜು ಮಧ್ಯಾಹ್ನವಾದರೂ ಕರಗುತ್ತಿರಲಿಲ್ಲ.

ನದಿ ದಂಡೆಯ ಆಶ್ರಮದಲ್ಲಿ ಗುರುಗಳಿಗೆ ಕೆಮ್ಮು ಹಿಡಿದಿತ್ತು. ಪಾಠದ ನಡುವೆ ಕೆಮ್ಮು ಬಂದರೆ ಅವರು ಮಾತು ನಿಲ್ಲಿಸಿ, ಅದು ಮುಗಿಯುವವರೆಗೆ ಕಾದು, ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದರು. ಶಿಷ್ಯ ಶ್ರೀಕಂಠನಿಗೆ ಆಮೇಲೆ ಪಾಠ ಕಿವಿಗೆ ಬೀಳುತ್ತಿರಲಿಲ್ಲ. ಮುಂದಿನ ಕೆಮ್ಮು ಯಾವಾಗ ಬರುತ್ತದೋ ಎಂದು ಕಾಯುತ್ತಾ ಕೂತಿರುತ್ತಿದ್ದ.

ಕೊನೆಗೆ ಅವನೇ ಆಚೆ ದಡದ ಊರಿಗೆ ಹೋಗಿ ವೈದ್ಯ ಪಂಡಿತರನ್ನು ಕರೆತಂದ.

ಪಂಡಿತರು ನಾಡಿ ಹಿಡಿದು ನೋಡಿದರು. ಬೆನ್ನಿಗೆ ಕಿವಿಯಿಟ್ಟು ಕೇಳಿದರು.

“ಔಷಧ ಕೊಡುತ್ತೇನೆ. ಆದರೆ ಈ ಮಂಜಿನಲ್ಲಿ ನನ್ನ ಔಷಧಕ್ಕೂ ನೆಗಡಿಯಾಗುತ್ತದೆ. ಇವರಿಗೆ ಬೇಕಾದದ್ದು ರಜೆ. ಒಂದು ತಿಂಗಳು.”

“ರಜೆಯಲ್ಲಿ ಏನು ಮಾಡಬೇಕು?” ಎಂದು ಗುರುಗಳು ಕೇಳಿದರು. ಅವರು ಈವರೆಗೆ ರಜೆ ಕೊಟ್ಟಿದ್ದರೇ ಹೊರತು ತೆಗೆದುಕೊಂಡಿರಲಿಲ್ಲ.

“ಏನೂ ಮಾಡಬಾರದು.”

“ಅದನ್ನು ಹೊಸದಾಗಿ ಕಲಿಯಬೇಕು.”

ಶ್ರೀಕಂಠ ಮುಂದೆ ಬಂದ. “ಎಲ್ಲಿಗೆ ಹೋದರೆ ಒಳ್ಳೆಯದು, ಪಂಡಿತರೇ?”

“ಬೆಟ್ಟವಾದರೂ ಆದೀತು, ಕಡಲಾದರೂ ಆದೀತು. ಈ ಮಂಜಿನಿಂದ ಆಚೆ ಹೋದರೆ ಸರಿ.”

“ಎರಡರಲ್ಲಿ ಯಾವುದು ಮೇಲು?”

“ಎರಡೂ ಒಂದೇ. ತಡ ಮಾಡಬೇಡಿ, ಅಷ್ಟೇ.”

ಪಂಡಿತರು ಹೋದರು. ಗುರುಗಳು ಶಿಷ್ಯನ ಕಡೆ ನೋಡಿದರು.

“ನೀನೇ ಆರಿಸು” ಎಂದರು.

ಆಶ್ರಮದಿಂದ ನದಿಯ ಮೇಲ್ಗಡೆಗೆ, ಗಾಡಿಯಲ್ಲಿ ಎರಡು ದಿನ ಹೋದರೆ ಬೆಟ್ಟ. ನದಿಯ ಕೆಳಗಡೆಗೆ, ದೋಣಿಯಲ್ಲಿ ಎರಡು ದಿನ ಹೋದರೆ ಕಡಲು. ದಾರಿಯೂ ಸಮ, ಪಂಡಿತರ ಮಾತೂ ಸಮ. ಶ್ರೀಕಂಠನಿಗೆ ಆ ಸಮವೇ ಸಂಕಟವಾಯಿತು. ಎರಡರಲ್ಲಿ ಒಂದು ಸ್ವಲ್ಪವಾದರೂ ಮೇಲಿರಲೇಬೇಕು, ಅದನ್ನು ಹುಡುಕಿ ತೆಗೆಯುವುದು ತನ್ನ ಹೊಣೆ ಎಂದು ಅವನು ನಂಬಿದ.

ಮೊದಲು ಬೆಟ್ಟ ಎಂದುಕೊಂಡ. ಹೋಗಿ ಹೇಳಿದ.

“ಆಗಲಿ” ಎಂದರು ಗುರುಗಳು.

ಊಟದ ಹೊತ್ತಿಗೆ ಏರುದಾರಿ ನೆನಪಾಯಿತು. ಕೆಮ್ಮುವವರನ್ನು ಏರು ಹತ್ತಿಸುವುದೇ?

“ಬೆಟ್ಟ ಬೇಡ, ಗುರುಗಳೇ. ಕಡಲಿಗೆ ಹೋಗೋಣ.”

“ಆಗಲಿ.”

ಮರುದಿನ ಬೆಳಿಗ್ಗೆ ಇನ್ನೊಂದು ಹೊಳೆಯಿತು. “ಕಡಲ ಗಾಳಿಯಲ್ಲಿ ತೇವ ಇರುತ್ತದಲ್ಲ?”

“ಇರಬಹುದು.”

“ಹಾಗಾದರೆ ಬೆಟ್ಟವೇ.”

“ಆಗಲಿ.”

ಆಶ್ರಮದ ಅಡುಗೆ ನೋಡಿಕೊಳ್ಳುವ ತಾಯಕ್ಕ ಗಂಟಿನ ಮುಂದೆ ಕೂತೇ ಇದ್ದಳು. “ಬೆಟ್ಟ ಅಂದ್ರೆ ಕಂಬಳಿ ಕಟ್ಟಬೇಕು, ಕಡಲು ಅಂದ್ರೆ ಬಿಚ್ಚಬೇಕು. ಈ ಕಂಬಳಿನ ನಾನು ಹುಟ್ಟಿದಾಗಿಂದ ಇಷ್ಟು ಸಲ ಮಡಚಿರಲಿಲ್ಲ ಕಣಪ್ಪ.”

“ಇನ್ನೊಂದು ದಿನ ತಾಳು, ತಾಯಕ್ಕ.”

“ನಾನು ತಾಳ್ತೀನಿ. ಆ ಕೆಮ್ಮು ತಾಳಬೇಕಲ್ಲ.”

ಶ್ರೀಕಂಠ ದಾರಿಹೋಕರನ್ನು ವಿಚಾರಿಸಿದ. ಬೆಟ್ಟದ ಕಡೆಯಿಂದ ಜೇನು ಮಾರುತ್ತಾ ಬಂದವನೊಬ್ಬ, “ಅಯ್ಯೋ, ಬೆಟ್ಟಕ್ಕೆ ಯಾಕೆ ಹೋಗ್ತೀರಿ? ಚಳಿಗೆ ಹಲ್ಲು ಕಟಕಟ ಅನ್ನುತ್ತೆ. ಕಡಲಿಗೆ ಹೋಗಿ, ಹಾಯಾಗಿರಿ” ಎಂದ. ಕಡಲ ಕಡೆಯಿಂದ ತೆಂಗಿನಕಾಯಿ ತಂದವನನ್ನು ಕೇಳಿದರೆ ಅವನು, “ಕಡಲಲ್ಲಿ ಏನಿದೆ ಸ್ವಾಮಿ? ಬೆವರು, ಮೈಯೆಲ್ಲ ಅಂಟು. ಬೆಟ್ಟಕ್ಕೆ ಹೋಗಿ” ಎಂದ.

ಶ್ರೀಕಂಠ ಇಬ್ಬರ ಮಾತನ್ನೂ ಗುರುಗಳಿಗೆ ಒಪ್ಪಿಸಿದ.

“ಇವರಲ್ಲಿ ಯಾರನ್ನು ನಂಬುವುದು?”

“ಇಬ್ಬರನ್ನೂ. ಇಬ್ಬರಿಗೂ ಅವರವರ ಊರು ಸಾಕಾಗಿದೆ.”

ಅವರಿವರ ಮಾತು ಕೇಳಿ ಪ್ರಯೋಜನವಿಲ್ಲ, ಪರೀಕ್ಷೆ ಮಾಡಿಯೇ ನೋಡಬೇಕು ಎಂದು ಶ್ರೀಕಂಠ ತೀರ್ಮಾನಿಸಿದ. ಬೆಟ್ಟವನ್ನೂ ಕಡಲನ್ನೂ ಆಶ್ರಮಕ್ಕೇ ತರಿಸುವ ಉಪಾಯ ಹೂಡಿದ.

ಮೊದಲ ದಿನ ಬೆಟ್ಟ. ಅಟ್ಟದ ಮೇಲೆ ಚಾಪೆ ಹಾಸಿ, ನಾಲ್ಕು ಹೆಂಚು ಸರಿಸಿ, ಎತ್ತರದ ತಣ್ಣನೆಯ ಗಾಳಿ ಒಳಗೆ ಬರುವ ಹಾಗೆ ಮಾಡಿದ. ಗುರುಗಳು ಏಣಿ ಹತ್ತಿ ಹೋಗಿ ಕೂತರು. ಅವನು ಕೆಳಗೆ ನಿಂತು ಕಿವಿಗೊಟ್ಟ.

“ಹೇಗಿದೆ ಗುರುಗಳೇ, ಬೆಟ್ಟ?”

“ಇಲ್ಲೊಂದು ಇಲಿಯ ಸಂಸಾರ ಇದೆ. ಮರಿಗಳು ಚೆನ್ನಾಗಿವೆ.”

“ಉಸಿರು?”

“ಅವೂ ಆಡುತ್ತಿವೆ.”

ಎರಡನೆಯ ದಿನ ಕಡಲು. ಹೊಳೆಯಿಂದ ಮರಳು ಹೊತ್ತು ತಂದು ಬಚ್ಚಲುಕೋಣೆಯಲ್ಲಿ ಹಾಸಿದ. ಹಂಡೆಗೆ ನೀರು ತುಂಬಿ, ಉಪ್ಪು ಸುರಿದು, ಒಲೆ ಹಚ್ಚಿ ಕುದಿಸಿದ. ಹಬೆ ಎದ್ದಿತು. ಗುರುಗಳು ಮರಳಿನಲ್ಲಿ ಕಾಲು ಹೂತು ಕೂತರು.

“ಕಡಲು ಹೇಗಿದೆ?”

“ಕಣ್ಣು ಉರಿಯುತ್ತಿದೆ.”

“ಅದು ಸೌದೆಯ ಹೊಗೆ, ಗುರುಗಳೇ. ಅದನ್ನು ಲೆಕ್ಕಕ್ಕೆ ಹಿಡಿಯಬಾರದು.”

“ಹಿಡಿಯಲಿಲ್ಲ.”

ತಾಯಕ್ಕ ಬಾಗಿಲಲ್ಲಿ ಬಂದು ನಿಂತಳು. ಖಾಲಿಯಾದ ಉಪ್ಪಿನ ಮಡಕೆಯನ್ನು ಒಮ್ಮೆ, ಹಂಡೆಯನ್ನು ಒಮ್ಮೆ ನೋಡಿದಳು.

“ನೆಲ್ಲಿಕಾಯಿ ಹಾಕಿದ್ದಿದ್ರೆ ಉಪ್ಪಿನಕಾಯಾದ್ರೂ ಆಗ್ತಿತ್ತು” ಎಂದಳು.

ಗುರುಗಳು ನಕ್ಕರು. ನಗು ಕೆಮ್ಮಾಯಿತು. ಹೊಗೆಗೆ ಆ ಕೆಮ್ಮು ನಿಲ್ಲಲೇ ಇಲ್ಲ. ಶ್ರೀಕಂಠ ಅವರನ್ನು ಹಿಡಿದುಕೊಂಡು ಹೊರಗೆ ತಂದ. ತೋಳು ಹಿಡಿದಾಗ ಅದು ಇಷ್ಟು ಸಣ್ಣಗಿದೆ ಎಂದು ಅವನಿಗೆ ಮೊದಲ ಸಲ ಗೊತ್ತಾಯಿತು. ಸಂಜೆಯ ಹೊತ್ತಿಗೆ ಮೈ ಬಿಸಿಯಾಗಿತ್ತು.

ತಾಯಕ್ಕ ಗಂಜಿ ಕಾಯಿಸಿ ತಂದಳು. ಹಾದು ಹೋಗುವಾಗ ಅವನ ಮುಖ ನೋಡದೆ ಹೇಳಿದಳು: “ಜಾಗ ಹುಡುಕೋದ್ರಲ್ಲಿ ಹೋಗಬೇಕಾದವರನ್ನೇ ಮರೆತೆಯಲ್ಲಪ್ಪ.”

ಜ್ವರ ಬಿಡಲು ಎರಡು ದಿನ ಬೇಕಾಯಿತು. ಮೂರನೆಯ ಬೆಳಿಗ್ಗೆ ಗುರುಗಳು ಹೊದ್ದುಕೊಂಡು ಜಗಲಿಗೆ ಬಂದು ಕುಳಿತರು. ಜಗಲಿಯ ಅಂಚಿನಿಂದಾಚೆ ಮಂಜು. ನದಿ ಇರುವುದು ಸದ್ದಿನಿಂದ ಮಾತ್ರ ತಿಳಿಯುತ್ತಿತ್ತು.

“ಎಲ್ಲಿಗೆ ಬಂತು ನಿನ್ನ ಆಯ್ಕೆ?”

“ಇನ್ನೂ ಸಮನಾಗಿಯೇ ಇದೆ, ಗುರುಗಳೇ. ಯಾವುದಾದರೂ ಒಂದು ಕಡೆಗೆ ಇನ್ನೊಂದೇ ಒಂದು ಕಾರಣ ಸಿಕ್ಕರೆ ಸಾಕು.”

“ಸಿಕ್ಕರೆ ಏನಾಗುತ್ತದೆ?”

“ನಿಶ್ಚಿಂತೆಯಿಂದ ಹೊರಡಬಹುದು.”

“ಯಾರ ಚಿಂತೆ?”

ಶ್ರೀಕಂಠ ಗುರುಗಳ ಹೊದಿಕೆಯ ಅಂಚು ಸರಿಮಾಡಿದ.

“ಬೆಟ್ಟಕ್ಕೆ ಹೋದೆವು ಅಂತ ಇಟ್ಟುಕೋ. ಅಲ್ಲಿ ನಾನು ತೀರಿಕೊಂಡೆ.”

ಒಳಗಿನಿಂದ ತಾಯಕ್ಕನ ದನಿ ಬಂತು. “ಬಿಡ್ತು ಅನ್ನಿ ಸ್ವಾಮಿ.”

“ಬಿಡ್ತು” ಎಂದರು ಗುರುಗಳು. ಮತ್ತೆ ಶಿಷ್ಯನ ಕಡೆ ತಿರುಗಿದರು. “ಆಗ ಏನಂದುಕೊಳ್ಳುತ್ತೀ?”

“ಕಡಲಿಗೆ ಕರೆದುಕೊಂಡು ಹೋಗಿದ್ದರೆ ಉಳಿಯುತ್ತಿದ್ದರು ಅಂತ.”

“ಕಡಲಿಗೆ ಹೋಗಿ ಅಲ್ಲಿ ತೀರಿಕೊಂಡರೆ?”

“ಬೆಟ್ಟಕ್ಕೆ ಹೋಗಬೇಕಿತ್ತು ಅಂತ.”

“ಇಲ್ಲೇ ತೀರಿಕೊಂಡರೆ?”

“ಇಲ್ಲಾದರೆ ಅದು ನನ್ನಿಂದ—”

ಅಷ್ಟು ಹೇಳಿ ಅವನು ನಿಲ್ಲಿಸಿದ. ‘ಆದದ್ದಲ್ಲ’ ಎಂಬ ಉಳಿದ ಮಾತು ಬಾಯಿಗೆ ಬಂದಿತ್ತು, ಆದರೆ ಆಡುವ ಮೊದಲೇ ಅದು ಅವನಿಗೇ ಕೇಳಿಸಿಬಿಟ್ಟಿತ್ತು.

ಗುರುಗಳು ಹೊದಿಕೆಯೊಳಗಿಂದ ಕೈ ತೆಗೆದು ಜಗಲಿಯ ಆಚೆಗೆ, ಮಂಜಿನೊಳಗೆ ಚಾಚಿದರು. ಸ್ವಲ್ಪ ಹೊತ್ತು ಹಾಗೇ ಹಿಡಿದರು. ಕೈ ಹಿಂದೆ ತಂದಾಗ ಒದ್ದೆಯಾಗಿತ್ತು. ಆ ಒದ್ದೆಯನ್ನು ಶ್ರೀಕಂಠನ ಅಂಗೈಗೆ ಒರೆಸಿದರು.

“ಪಂಡಿತರು ಬಂದುಹೋದ ಮೇಲೆ ನೀನು ದಿನವೂ ಆರಿಸಿದ್ದು ಇದನ್ನೇ” ಎಂದರು.

ಶ್ರೀಕಂಠ ಅಂಗೈ ನೋಡುತ್ತಾ ಕೂತ. ಆಮೇಲೆ ತಲೆ ಎತ್ತಿ ಕೇಳಿದ.

“ಗುರುಗಳೇ, ತಮಗೆ ಎಲ್ಲಿಗೆ ಹೋಗಬೇಕು ಅನ್ನಿಸುತ್ತದೆ?”

ಒಳಗೆ ತಾಯಕ್ಕನ ಒರಳಿನ ಸದ್ದು ನಿಂತಿತು.

“ಕಡಲಿಗೆ.”

ಇಷ್ಟು ಬೇಗ ಉತ್ತರ ಬರುತ್ತದೆಂದು ಅವನು ಎಣಿಸಿರಲಿಲ್ಲ. “ಕಾರಣ?”

“ನೋಡಿಲ್ಲ.”

“ಒಮ್ಮೆಯೂ?”

“ಒಮ್ಮೆಯೂ.”

“ಇಷ್ಟು ದಿನ ಹೇಳಲಿಲ್ಲವಲ್ಲ.”

“ನೀನು ಉಸಿರು ಕೇಳಿದೆ, ಗಾಳಿ ಕೇಳಿದೆ. ಕೇಳಿದ್ದಕ್ಕೆಲ್ಲ ಹೇಳಿದ್ದೇನೆ.”

“ಆದರೆ ಅಲ್ಲಿ ತೇವ...”

“ಇರುತ್ತದೆ.”

“ಬೆಟ್ಟದಲ್ಲಾದರೆ ಬಿಸಿಲು ಚೆನ್ನಾಗಿ ಬೀಳುತ್ತದೆ.”

“ಬೆಟ್ಟದಲ್ಲಾದರೆ ನೀನು ಬೆಳಗಿನಿಂದ ಸಂಜೆಯವರೆಗೆ ನನ್ನ ಮುಖವನ್ನೇ ನೋಡುತ್ತಾ ಕೂರುತ್ತೀಯ. ಕಡಲಿದ್ದರೆ ನಿನಗೆ ನೋಡಲು ಬೇರೇನಾದರೂ ಇರುತ್ತದೆ.”

ಅಂದು ಶ್ರೀಕಂಠ ಕೂರಲಿಲ್ಲ. ಅಂಬಿಗನನ್ನು ಕಂಡು ಮರುದಿನಕ್ಕೆ ದೋಣಿ ಗೊತ್ತುಮಾಡಿದ. ಗುರುಗಳನ್ನು ಎತ್ತಿ ಇಳಿಸಲು ಊರಿನ ಇಬ್ಬರು ಗಟ್ಟಿ ಆಳುಗಳನ್ನು ಒಪ್ಪಿಸಿದ. ಔಷಧ ಕೊಡಲು ಪಂಡಿತರ ಮಗ ಬರುತ್ತೇನೆಂದ. ಅಡುಗೆಗೆ ಒಬ್ಬ ಸಿಕ್ಕಿದ. ಸಂಜೆ ಬಂದು ಎಲ್ಲವನ್ನೂ ತಾಯಕ್ಕನಿಗೆ ಹೇಳಿದ. ಹೇಳುವಾಗ ಮುಖದಲ್ಲಿ ಗೆಲುವಿತ್ತು.

“ಎಲ್ಲರ ಹೆಸರೂ ಬಂತು. ನಿನ್ನದು ಬರಲಿಲ್ಲ?”

“ಆಶ್ರಮ ನೋಡಿಕೊಳ್ಳಬೇಕಲ್ಲ, ತಾಯಕ್ಕ.”

“ನಾನೇನು ಇಲ್ಲಿ ಹಪ್ಪಳ ಕಾಯೋಕೆ ಇದ್ದೀನಾ?”

“ನೀನೂ ಬೇಕಾದರೆ ಹೋಗಿ ಬಾ. ಕಡಲು ನೋಡಿದ ಹಾಗಾಗುತ್ತದೆ.”

“ನನಗೆ ಕಡಲೂ ಬೇಡ ಗಿಡಲೂ ಬೇಡ. ಕೇಳಿದ್ದಕ್ಕೆ ಹೇಳು.”

ಅವನು ಗುರುಗಳ ಚಾಪೆ ಸುತ್ತತೊಡಗಿದ. ಎರಡು ದಿನ ಆ ದೋಣಿಯಲ್ಲಿ, ಆ ಕೆಮ್ಮಿನ ಪಕ್ಕದಲ್ಲಿ, ಯಾವ ಕಡೆ ನೋಡಿದರೂ ನೀರು ಇರುವಲ್ಲಿ ತಾನು ಕೂತಿರುವುದನ್ನು ನೆನೆಯುವುದೂ ಅವನಿಗೆ ಬೇಡವಾಗಿತ್ತು. ಪಂಡಿತರ ಮಗನಿಗಾದರೆ ಏನು ಮಾಡಬೇಕೆಂದು ತಿಳಿದಿರುತ್ತದೆ. ತನಗೆ ಏನು ತಿಳಿದಿದೆ?

ಬೆಳಿಗ್ಗೆ ದೋಣಿ ಮಂಜಿನೊಳಗಿಂದ ಬಂದು ಮೆಟ್ಟಿಲಿಗೆ ತಾಗಿತು. ನಾಲ್ವರೂ ಗಂಟುಮೂಟೆ ಹಿಡಿದು ಸಾಲಾಗಿ ನಿಂತಿದ್ದರು. ಗುರುಗಳು ಕೋಲೂರಿಕೊಂಡು ಇಳಿದು ಬಂದರು.

“ಇವರೆಲ್ಲ?”

“ತಮ್ಮ ಜೊತೆಗೆ, ಗುರುಗಳೇ. ಇವರಿಬ್ಬರು ಎತ್ತಿ ಇಳಿಸುವುದಕ್ಕೆ. ಇವನು ಅಡುಗೆಗೆ. ಇವರು ಪಂಡಿತರ ಮಗ.”

ಗುರುಗಳು ಆಳುಗಳ ಮುಂದೆ ನಿಂತರು. “ಕಡಲು ನೋಡಿದ್ದೀರಾ?”

“ಮೀನಿಗೆ ಹೋಗ್ತಾ ಇರ್ತೀವಿ ಬುದ್ಧಿ.”

“ನೀನು?” ಎಂದು ಅಡುಗೆಯವನನ್ನು ಕೇಳಿದರು.

“ನಮ್ಮ ಅಕ್ಕನ್ನ ಕೊಟ್ಟಿರೋದೇ ಅಲ್ಲಿಗೆ ಬುದ್ಧಿ. ಬಾಣಂತನಕ್ಕೆ ಅಮ್ಮನ್ನ ಬಿಟ್ಟು ಬರೋಕೆ ಹೋಗಿದ್ದೆ.”

“ತಾವು?”

“ನೋಡಿದ್ದೇನೆ” ಎಂದ ಪಂಡಿತರ ಮಗ.

ಗುರುಗಳು ಶ್ರೀಕಂಠನ ಕಡೆ ತಿರುಗಿದರು.

“ನೀನು?”

“ಇಲ್ಲ” ಎಂದ ಶ್ರೀಕಂಠ.

ಗುರುಗಳು ಪಂಡಿತರ ಮಗನಿಗೆ ಕೈಮುಗಿದರು. “ಆ ಔಷಧದ ಗಂಟನ್ನು ಇವನ ಕೈಗೆ ಕೊಡಿ. ಯಾವುದನ್ನು ಯಾವಾಗ ಕೊಡಬೇಕೋ ಹೇಳಿಕೊಡಿ.”

ಅವನು ಹೇಳಿಕೊಟ್ಟ. ಕಷಾಯ ಊಟದ ಮುಂಚೆ, ಲೇಹ್ಯ ಮಲಗುವಾಗ, ಎದೆಗೆ ಎಣ್ಣೆ ಬಿಸಿ ಮಾಡಿ ಹಚ್ಚುವುದು. ಶ್ರೀಕಂಠ ಕೇಳಿಕೊಂಡ. ಎಲ್ಲ ತಿಳಿಯಿತು.

“ಗುರುಗಳೇ, ದಾರಿಯಲ್ಲಿ ಏನಾದರೂ ಆದರೆ ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ.”

“ನನಗೂ ಗೊತ್ತಿಲ್ಲ.”

ಮೆಟ್ಟಿಲ ಮೇಲೆ ನಿಂತಿದ್ದ ತಾಯಕ್ಕ ಕಂಬಳಿಯನ್ನು ಅವನ ಹೆಗಲಿಗೆ ಹಾಕಿದಳು.

ದೋಣಿ ಅಲುಗುತ್ತಿತ್ತು. ಗುರುಗಳನ್ನು ಹತ್ತಿಸಲು ಶ್ರೀಕಂಠ ಮೊಣಕಾಲುದ್ದ ನೀರಿಗಿಳಿದು ಕೈಕೊಟ್ಟ. ಅವರು ಆ ಕೈ ಹಿಡಿದು ಹತ್ತಿದರು, ಹಲಗೆಯ ಮೇಲೆ ಕುಳಿತರು, ಕೆಮ್ಮಿದರು, ಕೆಮ್ಮು ಮುಗಿಯುವವರೆಗೆ ಕಾದರು. ಹಿಡಿದ ಕೈಯನ್ನು ಬಿಡಲಿಲ್ಲ.

ಅಂಬಿಗ ದೋಣಿ ನೂಕುವ ಗಳ ಎತ್ತಿಕೊಂಡು ದಡದ ಕಡೆ ನೋಡಿದ.

“ಒಟ್ಟು ಎಷ್ಟು ಜನ ಬುದ್ಧಿ?”

“ಇಬ್ಬರು” ಎಂದು ಶ್ರೀಕಂಠ ದೋಣಿ ಹತ್ತಿದ.