ಮಂಚದ ಕೆಳಗೆ ಬಮ್ಮೋಜ

ಆಶ್ರಮದ ಅಡುಗೆಯ ಹಂಪಯ್ಯ ಅಟ್ಟದ ಮೇಲಿನ ಬೆಲ್ಲದ ಗಡಿಗೆ ಇಳಿಸಲು ಏಣಿ ಹತ್ತಿದ. ಮೇಲಿನ ಮೆಟ್ಟಿಲು ಮುರಿಯಿತು. ಬಿದ್ದವನು ಬದುಕಿದ, ಆದರೆ ಮತ್ತೆ ಎದ್ದು ಕೂರಲಿಲ್ಲ.

ಏಣಿ ಮಾಡಿದವನು ಬಮ್ಮೋಜ. ಬಡಗಿಗಳ ಮನೆಯಲ್ಲಿ ಹುಟ್ಟಿ, ಉಳಿ ಬಾಚಿಗಳನ್ನು ಗಂಟು ಕಟ್ಟಿಟ್ಟು, ಗುರುಗಳ ಪಾದ ಹಿಡಿದು ಬಂದ ಶಿಷ್ಯ. ಅವನು ಆಶ್ರಮಕ್ಕೆಂದು ಮಾಡಿಕೊಟ್ಟದ್ದು ಅದೊಂದೇ. ಕೆಲಸ ಮುಗೀತು, ಧೈರ್ಯವಾಗಿ ಹತ್ತು ಎಂದು ಹಂಪಯ್ಯನಿಗೆ ಹೇಳಿದವನೂ ಅವನೇ.

ಯಾರೂ ಅವನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಹೊಳೆಯಾಚೆಯಿಂದ ವೈದ್ಯರು ಬಂದರು. ಹಂಪಯ್ಯನನ್ನು ಮೆಲ್ಲಗೆ ಮಗ್ಗುಲಾಗಿಸಿ ನೋಡಿದರು. ಮಲಗಿ ಮಲಗಿ ಬೆನ್ನಿನ ಕೆಳಗೆ ಹುಣ್ಣಾಗಿತ್ತು.

"ಮೂಳೆ ಕೂಡಿಕೊಳ್ಳುತ್ತೆ. ಈ ಹುಣ್ಣು ಮಾತ್ರ ಇವನನ್ನ ಬಿಡೋದಿಲ್ಲ," ಎಂದರು. "ಹೊಳೆ ಪಕ್ಕದ ನೆಲ, ಯಾವಾಗಲೂ ಥಂಡಿ. ನೆಲದಿಂದ ಮೇಲೆತ್ತಿ ಮಲಗಿಸಿ. ಕಣ್ತುಂಬ ನಿದ್ದೆ ಮಾಡಲಿ. ಇಲ್ಲದಿದ್ದರೆ ಇವನು ಮಳೆಗಾಲ ನೋಡೋದಿಲ್ಲ."

ಆಶ್ರಮದಲ್ಲಿ ಮಂಚ ಎಂಬುದೇ ಇರಲಿಲ್ಲ. ಗುರುಗಳೂ ಚಾಪೆಯ ಮೇಲೆ ಮಲಗುವವರು.

ಗುರುಗಳು ಬಮ್ಮೋಜನ ಕಡೆ ತಿರುಗಿದರು. "ಒಂದು ಮಂಚ ಮಾಡು."

"ನಾನಾ?"

"ಇಲ್ಲಿ ಬೇರೆ ಯಾರಿಗೆ ಬರುತ್ತೆ?"

"ಗುರುಗಳೇ, ಆ ಏಣಿ..."

"ನಾನು ಏಣಿ ಕೇಳಲಿಲ್ಲ."

ಬಮ್ಮೋಜ ಗಂಟು ಬಿಚ್ಚಿದ. ಹೊನ್ನೆ ಮರದ ತುಂಡುಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಆರಿಸಿದ. ನಾಲ್ಕು ಕಾಲು ಕಡೆದ. ಕಾಲಿಗೆ ತೂತು ಕೊರೆದು, ಪಟ್ಟಿಗಳ ತುದಿ ಸೇರಿಸಿ, ಬೆಣೆ ಬಡಿದು ಬಿಗಿದ. ನಡುವೆ ಹಗ್ಗ ಹೆಣೆದ. ಊಟಕ್ಕೆ ಕರೆದರೆ ಓಗೊಡಲಿಲ್ಲ.

ಮಂಚ ನಿಂತಿತು. ಕಣ್ಣಿದ್ದವರಿಗೆಲ್ಲ ಅದು ಮಂಚವೆಂದೇ ಕಂಡಿತು, ಬಮ್ಮೋಜನೊಬ್ಬನನ್ನು ಬಿಟ್ಟು.

"ಆಯ್ತೇನೋ?" ಎಂದರು ಗುರುಗಳು.

"ಇಲ್ಲ ಗುರುಗಳೇ. ಈ ಕಾಲು ಯಾಕೋ ತೆಳುವಾಯ್ತು. ಬದಲಾಯಿಸಬೇಕು."

ಕಾಲು ಬದಲಾಯಿತು. ಗುರುಗಳು ಮತ್ತೆ ಬಂದರು. ಅಡ್ಡಕ್ಕೆ ಇನ್ನೊಂದು ಪಟ್ಟಿ ಬೇಕು ಎಂದ ಬಮ್ಮೋಜ. ಅದೂ ಬಂತು. ಆಮೇಲೆ ಬೆಣೆಗಳ ಮೇಲೆ ಅನುಮಾನ ಹುಟ್ಟಿತು. ಎಲ್ಲವನ್ನೂ ಕಿತ್ತು ಹೊಸದಾಗಿ ಬಡಿದ.

ಅಡುಗೆಮನೆಯ ಮೂಲೆಯ ಚಾಪೆಯಿಂದ ಹಂಪಯ್ಯ ಕೂಗಿದ. ಸೊಂಟ ಮುರಿದಿತ್ತು, ನಾಲಿಗೆಗೆ ಏನೂ ಆಗಿರಲಿಲ್ಲ.

"ಲೋ ಬಮ್ಮೋಜ! ಮಂಚ ನಿಧಾನವಾಗಿ ಮಾಡ್ಕೊಳ್ಳಪ್ಪ, ಅವಸರ ಇಲ್ಲ. ಚಟ್ಟ ಒಂದನ್ನ ಬೇಗ ಕಟ್ಟಿಬಿಡು, ಅದಂತೂ ಬೇಕಾಗುತ್ತೆ."

ಬಮ್ಮೋಜ ಹಲ್ಲು ಕಚ್ಚಿ, ಪಾರಿಜಾತದ ಒರಟು ಎಲೆ ತಗೊಂಡು ಪಟ್ಟಿಗಳನ್ನು ಉಜ್ಜಲು ಕೂತ. ಎಣ್ಣೆ ಹಚ್ಚಿ ಉಜ್ಜಿದ, ಒರೆಸಿ ಮತ್ತೆ ಉಜ್ಜಿದ. ನೊಣ ಕೂತರೂ ಜಾರುವಷ್ಟು ನುಣುಪಾದರೂ ಕೈ ನಿಲ್ಲಲಿಲ್ಲ. ಕೈ ನಿಂತರೆ ಮಂಚ ಮುಗಿದ ಹಾಗೆ. ಮುಗಿದರೆ ಅದರ ಮೇಲೆ ಒಬ್ಬ ಮನುಷ್ಯ ಮಲಗುತ್ತಾನೆ. ಅದನ್ನು ನೆನೆದು ಅವನು ಇನ್ನೊಂದು ಎಲೆ ತಗೊಂಡ.

ವೈದ್ಯರು ಮತ್ತೊಮ್ಮೆ ಬಂದರು. ಹಂಪಯ್ಯನಿಗೆ ಜ್ವರ ಏರಿತ್ತು. ಹುಣ್ಣಿನ ವಾಸನೆ ಬಾಗಿಲಿನವರೆಗೂ ಬರುತ್ತಿತ್ತು.

"ಇನ್ನೂ ನೆಲದ ಮೇಲೇ ಇದ್ದಾನಾ?" ಎಂದರು. ಔಷಧದ ಚೀಲವನ್ನೂ ಬಿಚ್ಚದೆ ದೋಣಿ ಹತ್ತಿದರು.

ಗುರುಗಳು ಇಬ್ಬರು ಶಿಷ್ಯರನ್ನು ಕರೆದರು. "ಮಂಚ ಎತ್ತಿ ಒಳಗೆ ತನ್ನಿ."

ಬಮ್ಮೋಜ ಅಡ್ಡ ನಿಂತ. ಕೈಯಲ್ಲಿ ಬಾಚಿ ಇತ್ತು.

"ಬೇಡ. ಇದನ್ನ ಕಡಿದು ಹಾಕ್ತೀನಿ. ಬೇರೆ ಮರ ತಂದು ಮೊದಲಿನಿಂದ ಮಾಡ್ತೀನಿ."

ಬಾಚಿ ಮೇಲೆದ್ದಿತು. ಗುರುಗಳು ಹೋಗಿ ಮಂಚದ ಪಟ್ಟಿಯ ಮೇಲೆ, ಏಟು ಬೀಳಬೇಕಾದ ಜಾಗದಲ್ಲೇ ಕೂತರು.

"ಏಣಿ ಯಾಕೆ ಮುರೀತು?" ಎಂದು ಕೇಳಿದರು ಗುರುಗಳು.

"ಗೊತ್ತಿಲ್ಲ."

"ನೋಡಲಿಲ್ಲವಾ?"

"ನೋಡಿದೆ ಗುರುಗಳೇ. ಮುರಿದ ತುಂಡನ್ನ ತಿರುಗಿಸಿ ಮುರುಗಿಸಿ ನೋಡಿದೆ. ಗಂಟಿಲ್ಲ, ಹುಳ ತಿಂದಿಲ್ಲ, ಬಿರುಕಿನ ಗುರುತಿಲ್ಲ. ಒಳ್ಳೇ ಮರ, ಸುಮ್ಮನೆ ಮುರೀತು. ಕಾರಣ ಒಂದು ಸಿಕ್ಕಿದ್ದರೆ ಈ ಮಂಚ ಯಾವತ್ತೋ ಮುಗೀತಿತ್ತು."

"ನಿನಗೆ ಕಾರಣ ಸಿಗೋವರೆಗೆ ಹಂಪಯ್ಯ ಕಾಯಬೇಕಾ?"

ಬಾಚಿ ಕೆಳಗಿಳಿಯಿತು.

ಮಂಚ ಒಳಗೆ ಹೋಯಿತು. ಮೇಲೆ ಹುಲ್ಲಿನ ಹಾಸು, ಅದರ ಮೇಲೆ ಕಂಬಳಿ ಹಾಸಿದರು. ಹಂಪಯ್ಯನನ್ನು ಚಾಪೆ ಸಮೇತ ಎತ್ತಿ ಮಲಗಿಸಿದರು. ಮಂಚ ಒಮ್ಮೆ ಕಿರ್ ಎಂದಿತು. ಹೊಸ ಮಂಚ ಯಾವುದಾದರೂ ಅನ್ನುವುದೇ. ಆದರೆ ಬಮ್ಮೋಜ ಬಗ್ಗಿ ಬೆಣೆಗಳನ್ನು ಮುಟ್ಟಿ ನೋಡಿದ.

ಎಲ್ಲರೂ ಹೊರಗೆ ಬಂದರು. ಬಮ್ಮೋಜ ಬರಲಿಲ್ಲ.

ಬೆಳಗ್ಗೆ ಗಂಜಿ ತಂದ ಗುರುಗಳಿಗೆ ಹಂಪಯ್ಯನ ಕೆಂಪು ಕಣ್ಣುಗಳು ಕಂಡವು.

"ನಿದ್ದೆ ಬರಲಿಲ್ಲವಾ?"

"ಎಲ್ಲಿಂದ ಬರಬೇಕು ಬುದ್ಧಿ? ಕೆಳಗೆ ಒಬ್ಬ ಸೇರ್ಕೊಂಡಿದ್ದಾನೆ. ನಾನು ಕೈ ಆಡಿಸಿದರೆ ಇವನು ಉಸಿರು ಬಿಗಿ ಹಿಡೀತಾನೆ. ಇವನು ಉಸಿರು ಹಿಡಿದರೆ, ಇನ್ನೇನು ಮುರೀತು ಅಂತ ನನ್ನ ಎದೆ ಹೊಡ್ಕೊಳ್ಳುತ್ತೆ. ನೆಲದ ಮೇಲೆ ನೋವು ಒಂದೇ ಇತ್ತು. ಇಲ್ಲಿ ಹೆದರಿಕೆ ಬೇರೆ."

ಗುರುಗಳು ಗಂಜಿಯ ಬಟ್ಟಲು ಕೆಳಗಿಟ್ಟು, ನೆಲದ ಮೇಲೆ ಕೂತು, ಬಗ್ಗಿ ನೋಡಿದರು.

ಬಮ್ಮೋಜ ಮಂಚದ ಕೆಳಗೆ ಮಂಡಿಯೂರಿದ್ದ. ಕತ್ತು ಬಾಗಿಸಿ, ಎರಡೂ ಅಂಗೈಗಳನ್ನು ನಡುವಿನ ಪಟ್ಟಿಗೆ ಕೊಟ್ಟಿದ್ದ. ಮೈಯೆಲ್ಲ ಬೆವರು.

"ಏನೋ ಇದು?"

"ಮುರಿದರೆ ನನ್ನ ಮೇಲೆ ಬೀಳಲಿ ಗುರುಗಳೇ. ಅವನಿಗೆ ಪೆಟ್ಟಾಗೋದಿಲ್ಲ."

"ಎಷ್ಟು ದಿನ ಹೀಗೆ?"

"ಸಾಯೋವರೆಗೂ ಹಿಡೀತೀನಿ."

"ಯಾರು ಸಾಯೋವರೆಗೆ?"

ಬಮ್ಮೋಜ ಅಂಗೈಗಳನ್ನು ಪಟ್ಟಿಗೆ ಇನ್ನೂ ಬಿಗಿಯಾಗಿ ಒತ್ತಿದ.

"ಅವನು ಏಣಿಯಿಂದ ಬಿದ್ದದ್ದು ಒಂದು ಸಲ," ಎಂದರು ಗುರುಗಳು. "ಆಮೇಲೆ ಅವನನ್ನ ಗಳಿಗೆಗೊಂದು ಸಲ ಬೀಳಿಸ್ತಿರೋನು ನೀನು."

ಅಷ್ಟು ಹೇಳಿ ಎದ್ದರು. ಎದ್ದವರು ಹಂಪಯ್ಯನ ಕಾಲ ಬಳಿ, ಮಂಚದ ಮೇಲೆಯೇ ಕೂತರು.

ಮಂಚ ಕಿರ್ ಎಂದಿತು. "ಅಯ್ಯೋ!" ಎಂದು ಬಮ್ಮೋಜ ಕಣ್ಣು ಮುಚ್ಚಿ, ಇದ್ದಬದ್ದ ಶಕ್ತಿಯನ್ನೆಲ್ಲ ತೋಳಿಗೆ ತಂದುಕೊಂಡ. ಕಾದ. ಏನೂ ಆಗಲಿಲ್ಲ.

"ಬಮ್ಮೋಜ," ಮೇಲಿನಿಂದ ಗುರುಗಳ ದನಿ ಬಂತು. "ಈಗ ಇಬ್ಬರಿದ್ದೀವಿ. ನಿನ್ನ ಕೈ ಮೇಲೆ ಎಷ್ಟು ಭಾರ ಬಿತ್ತು?"

ಅವನು ಅಂಗೈಗಳ ಕಡೆ ಗಮನ ಕೊಟ್ಟ. ತೋಳು ನೋಯುತ್ತಿತ್ತು, ಹೆಗಲು ಬಿದ್ದುಹೋಗುವಂತಿತ್ತು. ಆದರೆ ಪಟ್ಟಿ ಒಂದು ಎಳೆಯಷ್ಟೂ ಕೆಳಗೆ ಬಂದಿರಲಿಲ್ಲ.

"ಇಲ್ಲ," ಎಂದ.

"ಏನು ಇಲ್ಲ?"

"ಭಾರ ಇಲ್ಲ ಗುರುಗಳೇ."

"ಹಾಗಾದರೆ ಅದೇನು ಹಿಡ್ಕೊಂಡಿದ್ದೀಯ?"

ಬಮ್ಮೋಜನಿಗೆ ಅಳು ಒತ್ತರಿಸಿ ಬಂತು. ಬಲಗೈ ಬಿಟ್ಟ. ಮಂಚ ನಿಂತಿತ್ತು. ಎಡಗೈಯನ್ನು ಬಿಡಲು ಮಾತ್ರ ತುಂಬ ಹೊತ್ತು ಬೇಕಾಯಿತು. ಬೆರಳುಗಳೇ ಅವನ ಮಾತು ಕೇಳಲಿಲ್ಲ. ಅದನ್ನೂ ಬಿಟ್ಟ. ಮಂಚ ನಿಂತೇ ಇತ್ತು.

ತೆವಳಿಕೊಂಡು ಹೊರಗೆ ಬಂದು, ಗೋಡೆಗೆ ಒರಗಿ, ಮಂಡಿಗಳ ನಡುವೆ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತ.

"ಅಳೋದಾದರೆ ಹೊಳೆ ಕಡೆ ಹೋಗಿ ಅಳಪ್ಪ," ಎಂದ ಹಂಪಯ್ಯ. "ಇಲ್ಲಿ ಮನುಷ್ಯರು..." ಮುಂದೇನೋ ಹೇಳಲು ಹೊರಟವನು ಆಕಳಿಸಿದ.

ಗುರುಗಳು ಹುಷಾರಾಗಿ ಮಂಚದಿಂದಿಳಿದು, ಕಂಬಳಿಯ ಅಂಚನ್ನು ಹಂಪಯ್ಯನ ಕಾಲಿನ ಮೇಲೆಳೆದರು. ಬಾಗಿಲ ಬಿಸಿಲು ಅಡುಗೆಮನೆಯ ಒಲೆಯವರೆಗೂ ಬಂತು. ಬಮ್ಮೋಜನ ಅಳು ನಿಂತಿತು. ಮೂಗೊರೆಸಿಕೊಂಡು ತಲೆಯೆತ್ತಿದ. ಕಣ್ಣು ಮತ್ತೆ ಮಂಚದ ಕಾಲುಗಳ ಕಡೆಗೇ ಹೋಯಿತು, ಒಂದು, ಎರಡು, ಮೂರು, ನಾಲ್ಕು. ತಡೆಯಲಾಗಲಿಲ್ಲ.

"ಗುರುಗಳೇ, ನಾಳೆ ಮುರಿಯೋದಿಲ್ಲ ಅಂತ ನೀವು ಹೇಳ್ತೀರಾ? ನೀವು ಒಂದು ಮಾತು ಹೇಳಿಬಿಡಿ, ನಾನು ನಂಬ್ತೀನಿ!"

ಗುರುಗಳು ತುಟಿಯ ಮೇಲೆ ಬೆರಳಿಟ್ಟರು.

"ಮೆಲ್ಲಗೆ ಮಾತಾಡೋ. ಅವನಿಗೆ ನಿದ್ದೆ ಹತ್ತಿದೆ."