ಜವರಪ್ಪ ಅರೆದ ಬಿಳಿ ಪುಡಿ

ಕಾಲೇಜಿನ ಪ್ರಯೋಗಶಾಲೆಯಲ್ಲಿ ಗಾಜಿನ ಪಾತ್ರೆ ತೊಳೆಯುವ ದುಂಡಮ್ಮನಿಗೆ ಒಬ್ಬನೇ ಮಗ, ಜವರಪ್ಪ. ನಲವತ್ತು ತುಂಬಿದೆ. ಎತ್ತಿನಂಥ ಮೈ, ಮಗುವಿನಂಥ ಮನಸ್ಸು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಒಂದಿಂಚೂ ಆಚೀಚೆ ಇಲ್ಲ. ಅದೇ ಅವನ ದೊಡ್ಡತನ, ಅದೇ ಅವಳ ತಲೆನೋವು!

ದುಂಡಮ್ಮನಿಗೆ ನಿವೃತ್ತಿ ಹತ್ತಿರ ಬಂತು. ಆ ಕೆಲಸ ಮಗನಿಗೆ ಸಿಕ್ಕರೆ ಸಾಕು ಅಂತ ಪ್ರಯೋಗಶಾಲೆ ನೋಡಿಕೊಳ್ಳುವ ಸುಗುಣಾ ಮೇಡಂ ಹತ್ತಿರ ಬೇಡಿಕೊಂಡಳು. "ಒಂದು ವಾರ ನೋಡ್ತೀನಿ ದುಂಡಮ್ಮ" ಅಂದರು ಮೇಡಂ. ಅವರದು ಸತುವಿನ ಆಕ್ಸೈಡಿನ ಪುಡಿ ಮಾಡುವ ಕೆಲಸ. ಒಂದೊಂದು ಕಣ ಕೂದಲಿನ ದಪ್ಪದಲ್ಲಿ ಸಾವಿರದಲ್ಲಿ ಒಂದು ಪಾಲು!

ಮೊದಲನೇ ದಿನ ಮೇಡಂ ತಟ್ಟೆಯಲ್ಲಿದ್ದ ಪುಡಿ ತೋರಿಸಿ, "ಇದನ್ನ ಪಕ್ಕದ ಕೋಣೆಗೆ ತಗೊಂಡು ಹೋಗಪ್ಪ" ಅಂದರು. ಜವರಪ್ಪ ಅಂಗೈಗೆ ಸುರಿದುಕೊಂಡು ಹೊರಟ. ಫ್ಯಾನಿನ ಕೆಳಗೆ ಬಂದ. ಪುಡಿ ಪುರ್ರ್!

"ಅಯ್ಯೋ ಪೆದ್ದು ಮುಂಡೇದೇ!" ದುಂಡಮ್ಮ ಹಣೆ ಚಚ್ಚಿಕೊಂಡಳು. "ಮುಚ್ಚಳ ಹಾಕಿ ಬಿಗೀಬೇಕು ಕಣೋ!"

"ಆಗಲಿ ಕಣವ್ವ, ಬಿಗೀತೀನಿ."

ಮಾರನೇ ದಿನ ಕುಲುಮೆ. ಸತುವಿನ ಉಪ್ಪು, ಯೂರಿಯಾ ಕಲಸಿದ ನೀರು ಕೊತಕೊತ ಕುದಿದು, ಬುಸ್ಸೆಂದು ಉಕ್ಕಿ, ಉರಿದು ಪುಡಿಯಾಗಬೇಕು. ಜವರಪ್ಪ ಬಟ್ಟಲಿಗೆ ಮುಚ್ಚಳ ಹಾಕಿ ತಂತಿ ಬಿಗಿದ. ಢಮಾರ್! ಕುಲುಮೆಯ ಬಾಗಿಲು ಕಿತ್ತುಹೋಗಿ ಗೋಡೆಗೆ ಬಡಿಯಿತು. ಯಾರಿಗೂ ಏಟಾಗಲಿಲ್ಲ, ಪುಣ್ಯ.

"ಲೋ, ಉರಿಯೋದನ್ನ ಬಿಗೀತಾರೇನೋ! ದೂರ ನಿಂತು ಸುಮ್ನೆ ನೋಡಬೇಕು!"

"ಆಗಲಿ ಕಣವ್ವ, ನೋಡ್ತೀನಿ."

ಮೂರನೇ ದಿನ, ಮೇಡಂ ಮೊದಲೇ ಮಾಡಿಟ್ಟಿದ್ದ ಪುಡಿ ತೊಳೆಯುವ ಕೆಲಸ. ಪುಡಿ ಇದ್ದ ಪಾತ್ರೆಗೆ ನಲ್ಲಿ ಬಿಟ್ಟ, ದೂರ ಹೋಗಿ ಕೈ ಕಟ್ಟಿ ನಿಂತ. ನೀರು ತುಂಬಿತು, ಉಕ್ಕಿತು, ಪುಡಿಯೆಲ್ಲ ಮೋರಿ ಸೇರಿತು. ಸುಮ್ಮನೆ ನೋಡಿದ!

ದುಂಡಮ್ಮ ಅತ್ತೇಬಿಟ್ಟಳು. "ಸುಮ್ನೆ ನಿಲ್ಲಬೇಡ ಮಗಾ! ಇನ್ನು ಉಳಿದಿರೋದು ಅರೆಯೋ ಕೆಲಸ ಒಂದೇ. ದಪ್ಪ ಕಾಳು ಕಂಡ್ರೆ ಯಾರನ್ನೂ ಕೇಳಬೇಡ, ಅರೆದುಬಿಡು!"

"ಆಗಲಿ ಕಣವ್ವ, ಅರೀತೀನಿ."

ಮೇಡಂ ಕುಲುಮೆಗೆ ಬಾಗಿಲು ಹಾಕಿಸಿ, ಹೊಸದಾಗಿ ಪುಡಿ ಸುಟ್ಟು ಕೊಟ್ಟರು. ಅರೆದ ನೋಡಿ! ಬೆಳಗ್ಗೆ ಕೂತವನು ಸಂಜೆಗೆ ಎದ್ದ. ಬೀಡಿ ಇಲ್ಲ, ಮಾತಿಲ್ಲ, ತೂಕಡಿಕೆ ಇಲ್ಲ. ಹಾಗೆ ಮೂರು ದಿನ! ಅಂಥ ಕೈ ಎಲ್ಲಿದೆ ಹೇಳಿ? ಪುಡಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಹೋಯಿತು, ಫೋಟೊ ಬಂತು. ಮೇಡಂ ಕುಣಿದಾಡಿದರು.

"ದುಂಡಮ್ಮ, ಇಷ್ಟು ಸಣ್ಣ ಕಣ, ಅದೂ ಎಲ್ಲಾ ಒಂದೇ ಸಮ, ಇಲ್ಲಿ ಯಾರೂ ಮಾಡಿಲ್ಲ! ಈ ಫೋಟೊ ತೋರಿಸಿಯೇ ಪ್ರಿನ್ಸಿಪಾಲರ ಹತ್ತಿರ ನಿನ್ನ ಮಗನ ಕೆಲಸ ಕೇಳ್ತೀನಿ." ಫೋಟೊ ಮೇಜಿನ ಮೇಲಿಟ್ಟು, ಪ್ರಿನ್ಸಿಪಾಲರನ್ನು ಕರೆತರಲು ಓಡಿದರು. ದುಂಡಮ್ಮನೂ ಹಿಂದೆಯೇ ಹೋದಳು.

ಜವರಪ್ಪ ಫೋಟೊ ನೋಡಿದ. ಲಕ್ಷಗಟ್ಟಲೆ ಪಟ್ಟು ಹಿಗ್ಗಿಸಿದ ಫೋಟೊ! ಕಣ ಒಂದೊಂದೂ ಕಡಲೆಕಾಳಿನಷ್ಟು! ಅವನು ಅಂಗಿಯ ತೋಳು ಮೇಲಕ್ಕೆ ಮಡಚಿದ.

ಪ್ರಿನ್ಸಿಪಾಲರು ಬಂದರು. "ಎಲ್ಲಿ ಫೋಟೊ?"

ಜವರಪ್ಪ ಬೆವರು ಒರೆಸಿಕೊಂಡು ಅರೆಯುವ ಬಟ್ಟಲು ಮುಂದಿಟ್ಟ. ಫೋಟೊ ಹಿಟ್ಟಾಗಿತ್ತು!

"ಭಾರೀ ದಪ್ಪ ಇದ್ವು ಮೇಡಮ್ಮೋರೇ! ಅರೆದುಬಿಟ್ಟೆ. ಈಗ ನೋಡಿ, ಒಂದೂ ಕಾಣಲ್ಲ!"

ದುಂಡಮ್ಮ ಮತ್ತೆ ಹಣೆ ಚಚ್ಚಿಕೊಂಡಳು. ಪ್ರಿನ್ಸಿಪಾಲರು ಆ ಹಿಟ್ಟನ್ನು ಬೆರಳಲ್ಲಿ ಉಜ್ಜಿದರು, ಮತ್ತೆ ಉಜ್ಜಿದರು. "ಅಬ್ಬಾ! ಕಾಗದವನ್ನೇ ಹೀಗೆ ಅರೆಯೋನು ಸತುವನ್ನ ಬಿಡ್ತಾನಾ? ನಾಳೆಯಿಂದಲೇ ಬರಲಿ. ಮೇಡಂ, ನೀವು ಇನ್ನೊಂದು ಫೋಟೊ ತೆಗೆಸಿ."

"ಆಗಲಿ ಸ್ವಾಮಿ" ಅಂದ ಜವರಪ್ಪ, "ಅದನ್ನೂ ಅರೀತೀನಿ!"